ನೀರು ಇಳಿದದ್ದು ಬಿಸಿಲಿಗೋ, ಗಣಿಗೋ?

ಮಾರತ್ತಹಳ್ಳಿಯ ಆಫೀಸಿನಲ್ಲಿ ಕೂತು ನಾನು ಲೆಕ್ಕ ಇಡುವುದು ಆಸ್ಟ್ರೇಲಿಯಾದ ನೀರಿನದ್ದು. ಸಿಡ್ನಿಯ ದಕ್ಷಿಣಕ್ಕೆ, ಕುಡಿಯುವ ನೀರಿನ ಜಲಾಶಯಗಳಿಗೆ ಮಳೆನೀರು ಹರಿದುಬರುವ ಕಾಡಿನ ಅಡಿಯಲ್ಲೇ ಕಲ್ಲಿದ್ದಲು ಗಣಿಗಳಿವೆ. ಕಾಡಿನ ನಡುವೆ ಅಲ್ಲಲ್ಲಿ ಜೌಗು ನೆಲ. ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಹಳ್ಳಗಳಿಗೆ ಬಿಡುವುದು ಅದೇ.

2024ರ ಮಾರ್ಚ್. ಊರೆಲ್ಲಾ ಟ್ಯಾಂಕರ್‌ನದೇ ಮಾತು. ಹೊಸದಾಗಿ ಸೇರಿದ ಹುಡುಗಿ ಒಂದು ಗ್ರಾಫ್ ತಂದಳು. "ಸರ್, ಗಣಿ ನೀರೆಲ್ಲಾ ಕುಡಿದುಬಿಟ್ಟಿದೆ ನೋಡಿ." ಜೌಗಿನಲ್ಲಿ ಇಳಿಸಿದ ಪೀಜೋಮೀಟರ್‌ನ ಗೆರೆ ಸೀದಾ ಕೆಳಗೆ ಬಿದ್ದಿತ್ತು. ಪೀಜೋಮೀಟರ್ ಎಂದರೆ ನೀರಿನ ಮಟ್ಟ ನೋಡಲೆಂದೇ ಹಾಕಿದ ಸಣ್ಣ ಕೊಳವೆ, ಒಳಗೊಂದು ಒತ್ತಡ ಅಳೆಯುವ ಸೆನ್ಸರ್.

ಅವಳ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಲಾಂಗ್‌ವಾಲ್ ಗಣಿಯಲ್ಲಿ ಯಂತ್ರ ಕಲ್ಲಿದ್ದಲನ್ನು ಕೆತ್ತುತ್ತಾ ಮುಂದೆ ಹೋದಂತೆ ಹಿಂದಿನ ಚಾವಣಿಯನ್ನು ಕುಸಿಯಲು ಬಿಡುತ್ತಾರೆ. ಮೇಲಿನ ಬಂಡೆ ಬಿರುಕು ಬಿಡುತ್ತದೆ, ನೆಲ ತಗ್ಗುತ್ತದೆ. ವರಾಟಾ ರಿವ್ಯುಲೆಟ್ ಎಂಬ ಹಳ್ಳದಲ್ಲಿ ಹೀಗೇ ತಳದ ಬಂಡೆ ಸೀಳಿ ನೀರು ಮಾಯವಾಗಿತ್ತು. ಇಂಥ ನೀರು ಕೆಳಗೆಲ್ಲೋ ಮತ್ತೆ ಮೇಲೆ ಬಂದರೆ ಜೊತೆಗೆ ಕಬ್ಬಿಣವನ್ನೂ ತರುತ್ತದೆ, ಬಂಡೆಗಳೆಲ್ಲ ಕಿತ್ತಳೆ ಬಣ್ಣ.

ಆದರೂ ಒಂದು ಗೆರೆ ನಂಬಿ ಗಣಿಯವರ ಮೇಲೆ ಹಾಕಲಾಗದು ಅಲ್ವಾ? ಮೊದಲು ಸೆನ್ಸರ್‌ನ ಲೆಕ್ಕದಿಂದ ಗಾಳಿಯ ಒತ್ತಡ ಕಳೆದೆವು. ಅದು ಒಂದು ಮಿಲಿಬಾರ್ ಬದಲಾದರೆ ಸೆನ್ಸರ್‌ಗೆ ನೀರು ಸುಮಾರು 1 ಸೆಂ.ಮೀ. ಏರಿದಂತೆಯೋ ಇಳಿದಂತೆಯೋ ಕಾಣುತ್ತದೆ. ಆಮೇಲೆ ಮಳೆಯ ದಾಖಲೆ. ಕೊನೆಗೆ, ಕೆಳಗೆ ಗಣಿಯೇ ಇಲ್ಲದ ಇನ್ನೊಂದು ಜೌಗಿನ ಗೆರೆಯನ್ನು ಪಕ್ಕಕ್ಕಿಟ್ಟೆವು. ಅಲ್ಲೂ ನೀರು ಇಳಿದಿತ್ತು, ಆದರೆ ನಿಧಾನಕ್ಕೆ. ನಮ್ಮದರಲ್ಲೂ ಹಿಂದೆಲ್ಲಾ ಮಳೆ ನಿಂತ ಮೇಲೆ ನೀರು ವಾರಗಟ್ಟಲೆ ಉಳಿಯುತ್ತಿತ್ತು. ಯಂತ್ರ ಅಡಿಯಲ್ಲಿ ಹಾದುಹೋದ ಮೇಲೆ ಕೆಲವೇ ದಿನಕ್ಕೆ ಖಾಲಿ. ಹುಡುಗಿ ಹೇಳಿದ್ದೇ ಸರಿ. ಗಣಿ ಶುರುವಾಗುವ ಮುಂಚಿನ ವರ್ಷಗಳ ಅಳತೆ ಇಲ್ಲದಿದ್ದರೆ ಅವಳ ಮಾತು ಬರೀ ಮಾತಾಗಿ ಉಳಿಯುತ್ತಿತ್ತು.

ಸಂಜೆ ಮನೆಗೆ ಬಂದರೆ ಅಪಾರ್ಟ್‌ಮೆಂಟಿನಲ್ಲಿ ಜಗಳ. ನಮ್ಮ ಬೋರ್ ಬತ್ತಲು ಪಕ್ಕದ ಕಟ್ಟಡದವರ ಹೊಸ ಬೋರೇ ಕಾರಣವಂತೆ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದು ಯಾರಿಗೂ ನೆನಪಿಲ್ಲ. "ಹೋದ ಬೇಸಿಗೆಯಲ್ಲಿ ನೀರು ಎಷ್ಟು ಅಡಿಯಲ್ಲಿತ್ತು?" ಎಂದೆ. ಕಾರ್ಯದರ್ಶಿಗಳು ನನ್ನನ್ನೇ ನೋಡಿದರು. "ಅದನ್ನೆಲ್ಲಾ ಯಾರು ಅಳೀತಾರೆ ಸಾರ್? ಮೋಟರ್ ಹಾಕಿದ್ರೆ ಬರ್ತಿತ್ತು, ಈಗ ಬರ್ತಿಲ್ಲ."

ಬೋರಿನೊಳಗೆ ಅಳತೆ ಟೇಪ್ ಇಳಿಸೋಣವೆಂದರೆ ಪೈಪು, ಕೇಬಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ಭಯ. ಮುಂದಿನ ಸಲ ಪಂಪ್ ಎತ್ತಿದಾಗ ಪಕ್ಕದಲ್ಲಿ ಮುಕ್ಕಾಲು ಇಂಚಿನ ಪೈಪೊಂದನ್ನು ಇಳಿಸಿಬಿಡಿ, ತಿಂಗಳಿಗೊಮ್ಮೆ ನಾನೇ ಅಳೆದು ಬರೆದಿಡುತ್ತೇನೆ ಎಂದೆ. ಪೈಪಿನ ದುಡ್ಡು ಮೇಂಟೆನೆನ್ಸ್‌ನಲ್ಲಿ ಬರುತ್ತಾ ಎಂಬ ಚರ್ಚೆ ಶುರುವಾಯಿತು.