ಗೆಸ್ಸೋ ದಿನಚರಿ: ನೀರು ದಾಟಿತು, ಪುಡಿ ದಾಟಲಿಲ್ಲ

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಮೈಸೂರು ಶೈಲಿಯ ಚಿತ್ರದಲ್ಲಿ ಲಕ್ಷ್ಮಿಯ ಕಾಸಿನ ಸರದ ಮೊದಲ ಸಾಲು ಮುಗಿಯಿತು. ನಲವತ್ತೆರಡು ಚುಕ್ಕಿ. ಎಲ್ಲವೂ ಒಂದೇ ಗಾತ್ರ, ಒಂದರಲ್ಲೂ ಗುಳ್ಳೆ ಇಲ್ಲ. ಇದನ್ನು ಬರೆಯಲು ಕೂತ ಮೇಲೂ ಎರಡು ಸಲ ಎದ್ದು ಹೋಗಿ ಹಲಗೆ ನೋಡಿಕೊಂಡು ಬಂದೆ. ಐದು ವಾರದಿಂದ ಈ ಒಂದು ಸಾಲಿಗೆ ಕಾಯುತ್ತಿದ್ದೆ.

ಹಲಗೆ ತಯಾರಿ, ಕಾಗದ ಅಂಟಿಸಿದ್ದು, ರೇಖೆ ಹಾಕಿದ್ದು ಎಲ್ಲ ಬಿಟ್ಟುಬಿಡುತ್ತೇನೆ. ಮೈಸೂರು ಶೈಲಿಯಲ್ಲಿ ಕೈಯಾಡಿಸಿದವರಿಗೆ ಅದೆಲ್ಲ ಗೊತ್ತಿರೋದೇ. ಈ ಸಲ ವಿಷಯ ಒಂದೇ. ದಪ್ಪ ಗೆಸ್ಸೋವನ್ನು, ಅಂದರೆ ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸಕ್ಕೆ ಹಾಕುವ ಪುಡಿ-ಅಂಟಿನ ಪಾಕವನ್ನು, ಎರಡು ಸಿರಿಂಜ್ ಜೋಡಿಸಿ ಕಲೆಸೋದು, ಆಮೇಲೆ ಗಾಳಿ ಸೇರದ ಹಾಗೆ ಸಣ್ಣ ಸಿರಿಂಜಿಗೆ ತುಂಬೋದು.

ಕುಂಚ ಇರುವಾಗ ಸಿರಿಂಜ್ ಯಾಕೆ ಅಂತ ಹೋದ ಸಲ ಕೇಳಿದ್ದಿರಿ. ಕುಂಚದಲ್ಲಿ ಬಳ್ಳಿ ಚೆನ್ನಾಗಿ ಬರುತ್ತದೆ, ಸೆರಗಿನ ಅಂಚು ಚೆನ್ನಾಗಿ ಬರುತ್ತದೆ. ಅದನ್ನು ನಾನು ಬಿಟ್ಟಿಲ್ಲ. ಆದರೆ ಸಾಲು ಚುಕ್ಕಿ ಬೇರೆಯೇ ಕೆಲಸ. ನಮ್ಮ ಗೆಸ್ಸೋ ತಂಜಾವೂರಿನವರ ಕೆಲಸದಷ್ಟು ಎತ್ತರ ಏಳಬಾರದು. ಬೆರಳಾಡಿಸಿದರೆ ಗೊತ್ತಾಗಬೇಕು, ದೂರದಿಂದ ಉಬ್ಬಿದ ಹಾಗೆ ಕಾಣಬಾರದು. ಜಗನ್ಮೋಹನ ಅರಮನೆಗೆ ಹೋದಾಗ ಹಳೇ ಚಿತ್ರವೊಂದರ ಪಕ್ಕದಲ್ಲಿ ನಿಂತು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಅಷ್ಟು ತಗ್ಗಿನ ಕೆಲಸದಲ್ಲಿ ಒಂದು ಚುಕ್ಕಿ ಕೂದಲೆಳೆಯಷ್ಟು ದೊಡ್ಡದಾದರೂ ಚಿನ್ನದ ರೇಕು ಹಚ್ಚಿದ ಮೇಲೆ ಅದೇ ಕಣ್ಣಿಗೆ ಹೊಡೆಯುತ್ತದೆ.

ಹಿಂದಿನವರು ಸೀಸದ ಬಿಳಿ, ಗ್ಯಾಂಬೋಜ್ ಅನ್ನುವ ಹಳದಿ ಮರದ ರಾಳ ಮತ್ತು ಅಂಟು ಸೇರಿಸಿ ಗೆಸ್ಸೋ ಮಾಡುತ್ತಿದ್ದರು. ಸೀಸ ವಿಷ, ಮನೆಯೊಳಗೆ ಬೇಡವೇ ಬೇಡ. ನಾನು ಹಾಕೋದು ಜಿಂಕ್ ಆಕ್ಸೈಡ್ ಪುಡಿ ಮತ್ತು ಗೋಂದು. ಬಟ್ಟಲಲ್ಲಿ ಕಡ್ಡಿಯಿಂದ ಕಲೆಸಿದರೆ ಗಾಳಿ ಸೇರುತ್ತದೆ. ಆ ಗಾಳಿ ಸೂಜಿಯ ತುದಿಗೆ ಬಂದಾಗ ಪುಸಕ್ ಅಂತ ಒಡೆದು ಚುಕ್ಕಿ ಹಾಳು. ಮುಚ್ಚಿದ ಜಾಗದಲ್ಲೇ ಕಲೆಸಬೇಕು ಅನ್ನೋದು ಅಲ್ಲಿಂದ ಹೊಳೆದಿದ್ದು.

ಉಪಾಯ ಸಿಕ್ಕಿದ್ದು ಅತ್ತೆಯ ಕಾಲಿನಿಂದ. ಅವರಿಗೆ ವೆರಿಕೋಸ್, ಅಂದರೆ ಉಬ್ಬಿದ ರಕ್ತನಾಳದ ಚಿಕಿತ್ಸೆ ಆದಾಗ ಡಾಕ್ಟರ್ ಎರಡು ಸಿರಿಂಜನ್ನು ತ್ರೀ-ವೇ ಅನ್ನುವ ಮೂರು ಬಾಯಿಯ ಪುಟ್ಟ ನಲ್ಲಿಗೆ ಸಿಕ್ಕಿಸಿ, ಔಷಧಿ ಮತ್ತು ಗಾಳಿಯನ್ನು ಅತ್ತಿಂದಿತ್ತ ತಳ್ಳಿ ನೊರೆ ಮಾಡಿದ್ದರಂತೆ. ಇಟಲಿಯ ವೈದ್ಯ ಟೆಸ್ಸಾರಿ 2000ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದು ಪಾಲು ಔಷಧಿ, ನಾಲ್ಕು ಪಾಲು ಗಾಳಿ, ಸುಮಾರು ಇಪ್ಪತ್ತು ಸಲ ತಳ್ಳಾಟ. ಮಾನಸಗಂಗೋತ್ರಿಯಲ್ಲಿ ಓದಿದ ಗೆಳೆಯನಿಗೆ ಇದನ್ನು ಹೇಳಿದೆ. ಪ್ರಯೋಗಾಲಯದಲ್ಲಿ ಪ್ರತಿಕಾಯ ತಯಾರಿಸೋರು ಎಣ್ಣೆಯನ್ನೂ ನೀರಲ್ಲಿರುವ ಆ್ಯಂಟಿಜೆನ್ನನ್ನೂ (ಪ್ರತಿಕಾಯ ಹುಟ್ಟಿಸುವ ವಸ್ತು) ಹೀಗೇ ಎರಡು ಸಿರಿಂಜ್ ನಡುವೆ ಓಡಾಡಿಸಿ ಬೆಣ್ಣೆಯ ಹಾಗೆ ಮಾಡುತ್ತಾರೆ ಅಂದ. ಆದದ್ದು ಸರಿಯೋ ಇಲ್ಲವೋ ನೋಡೋದಕ್ಕೆ ಒಂದು ಹನಿಯನ್ನು ನೀರಿನ ಮೇಲೆ ಬಿಡುತ್ತಾರೆ. ಹರಡದೆ ಗುಂಡಗೆ ನಿಂತರೆ ಆಯಿತು ಅಂತ ಲೆಕ್ಕ. ಈ ಮಾತು ಕೇಳಿ ಎರಡು ದಿನ ನಿದ್ದೆ ಬರಲಿಲ್ಲ.

ಸಾಮಾನು ತರೋದೇ ಒಂದು ಪಾಡು. ಎರಡು ಸಿರಿಂಜಿನ ಮೂತಿಗಳನ್ನು ಎದುರುಬದುರು ಸೇರಿಸಬೇಕಾದರೆ ಎರಡೂ ಕಡೆ ಮೂತಿ ಒಳಗೆ ಹೋಗಿ ತಿರುಪಿನಲ್ಲಿ ಬಿಗಿಯಾಗುವ ಫೀಮೇಲ್-ಫೀಮೇಲ್ ಲೂಯರ್ ಲಾಕ್ ಕನೆಕ್ಟರ್ ಬೇಕು. ಮೂತಿಯ ಇಳಿಜಾರು ಎಲ್ಲ ಕಂಪನಿಯದೂ ಒಂದೇ, ನೂರಕ್ಕೆ ಆರು. ಈಗ ಐಎಸ್ಒ 80369-7 ಅನ್ನುವ ಮಾನದಂಡದಲ್ಲಿ ಅದು ಬರುತ್ತದೆ. ಹಾಗಾಗಿ ಯಾರದ್ದು ಯಾರಿಗಾದರೂ ಕೂರುತ್ತದೆ. ಕೂರೋದು ಬೇರೆ, ಹಿಡಿದುಕೊಳ್ಳೋದು ಬೇರೆ. ತಿರುಪು ಇಲ್ಲದ ಸ್ಲಿಪ್ ಮೂತಿ ಒತ್ತಡ ಬಂದ ತಕ್ಷಣ ಕಳಚಿಕೊಳ್ಳುತ್ತದೆ. ಸರ್ಜಿಕಲ್ ಅಂಗಡಿಯಲ್ಲಿ "ಲಾಕ್ ಇರೋದೇ ಕೊಡಿ" ಅಂತ ಮೂರು ಸಲ ಹೇಳಿದೆ. "ಇದು ಲಾಕೇ ಸಾರ್" ಅಂತ ಅವರೂ ಮೂರು ಸಲ ಹೇಳಿದರು. ಮನೆಗೆ ಬಂದು ಬಿಚ್ಚಿದರೆ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಸ್ಲಿಪ್. ಪೊಟ್ಟಣ ಒಡೆದದ್ದನ್ನು ವಾಪಸ್ ತಗೊಳ್ಳಲ್ಲ ಅಂದರು. ಆನ್‌ಲೈನ್‌ನಲ್ಲಿ ತರಿಸಿದ ಕನೆಕ್ಟರ್ ಹನ್ನೆರಡು ದಿನ ಕಳೆದು ಬಂತು, ಅದು ಮೇಲ್-ಮೇಲ್. ಚಿತ್ರದಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು. ಇಂಥದ್ದಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಭಾನುವಾರ ಒಂದೇ ರಜೆ ಇರೋರ ಎರಡು ಭಾನುವಾರ ಹೋಯಿತಲ್ಲ.

ಕೊನೆಗೆ ತ್ರೀ-ವೇಯಲ್ಲೇ ಶುರು ಮಾಡಿದೆ. ಅದರಲ್ಲಿ ಎರಡು ಫೀಮೇಲ್ ಬಾಯಿ ಇರುತ್ತವೆ, ಒಂದಕ್ಕೊಂದು ಮೂಲೆಯಾಗಿ. ಎಲ್ಲ ಸರ್ಜಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಒಳಗಿನ ದಾರಿ ಮಾತ್ರ ಕಿರಿದು, ಒಂದು ರಾಗಿಕಾಳು ಉರುಳುವಷ್ಟು.

ಈಗ ಅಸಲು ಕತೆ.

ಇಪ್ಪತ್ತು ಗ್ರಾಂ ಪುಡಿಗೆ ಎಂಟು ಮಿ.ಲೀ. ಗೋಂದಿನ ನೀರು. ಒಂದು ಸಿರಿಂಜಿನಲ್ಲಿ ಅರೆಬರೆ ಕಲೆಸಿದ್ದು, ಇನ್ನೊಂದು ಖಾಲಿ. ಒತ್ತಿದೆ. ಮೊದಲು ಸಲೀಸಾಗಿ ಹೋಯಿತು. ಎರಡನೇ ಸಲ ಬಿಗಿ. ಮೂರನೇ ಸಲ ಕಲ್ಲು. ಪ್ಲಂಜರಿನ ಕಡ್ಡಿ ಬಾಗಿತೇ ಹೊರತು ಒಳಗಿನದು ಅಲ್ಲಾಡಲಿಲ್ಲ.

ತೂತು ಸಣ್ಣದು ಅನ್ನೋದು ನನ್ನ ಮೊದಲ ತೀರ್ಮಾನ. ಲೆಕ್ಕವೂ ಹಾಗೇ ಹೇಳುತ್ತದೆ. ನೀರಿನಂಥ ದ್ರವದಲ್ಲಿ ತೂತಿನ ಅಗಲ ಅರ್ಧವಾದರೆ ಅದೇ ಒತ್ತಡಕ್ಕೆ ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಸರಿ, ಒತ್ತಡ ಜಾಸ್ತಿ ಮಾಡೋಣ ಅಂದುಕೊಂಡೆ. ಹೆಬ್ಬೆರಳಲ್ಲಿ ಐದು ಕೆಜಿ ಭಾರದಷ್ಟು ಒತ್ತುತ್ತೇವೆ ಅಂತಿಟ್ಟುಕೊಳ್ಳಿ. 50 ಮಿ.ಲೀ. ಸಿರಿಂಜಿನ ಒಳ ಅಗಲ ಸುಮಾರು 28 ಮಿ.ಮೀ., ಅದರಲ್ಲಿ ಚದರ ಸೆಂಟಿಮೀಟರಿಗೆ 0.8 ಕೆಜಿ ಬೀಳುತ್ತದೆ. 5 ಮಿ.ಲೀ.ಯದ್ದು ಸುಮಾರು 12 ಮಿ.ಮೀ., ಅದರಲ್ಲಿ 4.4 ಕೆಜಿ. ಅದೇ ಬೆರಳು, ಐದು ಪಟ್ಟಿಗಿಂತ ಹೆಚ್ಚು ಒತ್ತಡ. ದಪ್ಪ ವಸ್ತುವಿಗೆ ಸಣ್ಣ ಸಿರಿಂಜ್ ಅನ್ನೋದು ಇದಕ್ಕೇ. 5 ಮಿ.ಲೀ.ಯದ್ದು ಹಾಕಿದೆ. ಮನೆಯಲ್ಲಿದ್ದದ್ದು ಆ ಸ್ಲಿಪ್ ಸಿರಿಂಜೇ. ಟಪ್ ಅಂತ ಕಳಚಿ, ಗೋಡೆ ಮೇಲಿನ ಕ್ಯಾಲೆಂಡರಿನ ಮೇಲೆ ಒಂದು ಬಿಳೀ ಗೆರೆ ಎಳೆಯಿತು. ಅದು ಇನ್ನೂ ಹಾಗೇ ಇದೆ.

ನೀರು ಜಾಸ್ತಿ ಮಾಡಿದೆ. ಯಾರಾದರೂ ಅದನ್ನೇ ಮಾಡುತ್ತಾರೆ, ಅಲ್ವಾ? ದಪ್ಪ ಅಂದರೆ ತೆಳು ಮಾಡು. ಹತ್ತು ಮಿ.ಲೀ. ಹಾಕಿದೆ, ಕಟ್ಟಿಕೊಂಡಿತು. ಹನ್ನೆರಡು ಹಾಕಿದೆ, ಇನ್ನೂ ಬೇಗ ಕಟ್ಟಿಕೊಂಡಿತು. ತೆಳು ಮಾಡಿದಷ್ಟೂ ಬೇಗ ಗಟ್ಟಿಯಾಗೋದು ಯಾವ ನ್ಯಾಯ ಅಂತ ಮೂರು ವಾರ ತಲೆ ಕೆಡಿಸಿಕೊಂಡೆ.

ಕಟ್ಟಿಕೊಂಡ ಒಂದು ಸಿರಿಂಜನ್ನು ಬಿಸಾಡದೆ ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದ್ದು ನಾಲ್ಕನೇ ಭಾನುವಾರ. ನಾನು ಮಾಡಿದ ಒಳ್ಳೆ ಕೆಲಸ ಅದೇ. ಪ್ಲಂಜರ್ ಹತ್ತಿರ ಗೆಸ್ಸೋ ಮೊಸರಿನ ಹಾಗೆ ಮೆತ್ತಗೇ ಇತ್ತು. ಮೂತಿಯ ಬುಡದಲ್ಲಿ, ಅಗಲ ಕೊಳವೆ ಒಮ್ಮೆಲೇ ಕಿರಿದಾಗುವ ಆ ಭುಜದ ಜಾಗದಲ್ಲಿ, ಚಾಕ್‌ಪೀಸಿನಂಥ ಒಣ ಬಿಲ್ಲೆ. ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಆಚೆ ಸಿರಿಂಜಿನಲ್ಲಿ ಏನಿತ್ತು ಅಂತ ಬೆಳಕಿಗೆ ಹಿಡಿದೆ. ತಳದಲ್ಲಿ ಸ್ವಲ್ಪ ಬಿಳಿ, ಮೇಲೆಲ್ಲ ತಿಳಿಯಾದ ಗೋಂದಿನ ನೀರು. ನೀರು ದಾಟಿಹೋಗಿದೆ, ಪುಡಿ ಇಲ್ಲೇ ಉಳಿದಿದೆ. ನಾನು ಒತ್ತಿದ್ದು ಗೆಸ್ಸೋವನ್ನು ದಾಟಿಸಲಿಲ್ಲ, ಹುಣಸೆಹಣ್ಣಿನ ಹಾಗೆ ಹಿಂಡಿತು. ಪುಡಿಯ ಕಣಗಳು ಬಾಗಿಲಲ್ಲಿ ಒಂದಕ್ಕೊಂದು ಆತು ನಿಂತು ತಾವೇ ಜರಡಿಯಾದವು. ನೀರು ತೆಳ್ಳಗಿದ್ದಷ್ಟೂ ಅವುಗಳ ಸಂದಿಯಲ್ಲಿ ಬೇಗ ನುಸುಳಿಕೊಂಡು ಹೋಗುತ್ತದೆ. ಮತ್ತಷ್ಟು ಒತ್ತಿದರೆ ಬಿಲ್ಲೆ ಮತ್ತಷ್ಟು ಗಟ್ಟಿ.

ಸೀಳಿದ ಸಿರಿಂಜನ್ನು ಅಮ್ಮನಿಗೆ ತೋರಿಸಿದೆ. ಅವರು ಚಿತ್ರದ ಕಡೆ ನೋಡಲೂ ಇಲ್ಲ, ಬಿಲ್ಲೆಯನ್ನು ಬೆರಳಲ್ಲಿ ಮುರಿದು ನೋಡಿದರು.

"ಶಾವಿಗೆ ಒರಳಿಗೆ ಬೇಯದ ಹಿಟ್ಟು ಹಾಕಿದ್ರೆ ಹೀಗೇ ಆಗೋದು. ಹಿಟ್ಟಲ್ಲಿ ಜಿಗಿ ಇಲ್ಲ ಕಣೋ. ನೀರು ಹಾಕಿದ್ರೆ ಜಿಗಿ ಬರುತ್ತಾ?"

ಅಕ್ಕಿಹಿಟ್ಟಿನ ಮುದ್ದೆಯನ್ನು ಬೇಯಿಸಿ ಬಿಸಿಬಿಸಿಯಾಗೇ ಯಾಕೆ ಒತ್ತುತ್ತೇವೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಬೆಂದ ಹಿಟ್ಟು ನೀರನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಒತ್ತಿದಾಗ ನೀರು, ಹಿಟ್ಟು ಎರಡೂ ಒಟ್ಟಿಗೇ ಎಳೆಯಾಗಿ ಇಳಿಯುತ್ತವೆ. ಗೆಸ್ಸೋದಲ್ಲಿ ಆ ಜಿಗಿಯ ಕೆಲಸ ಗೋಂದಿನದು. ನಾನು ಅದನ್ನೇ ತೆಳು ಮಾಡುತ್ತಾ ಬಂದಿದ್ದೆ.

ಹಾಗಾಗಿ ಉಲ್ಟಾ ಹೊರಟೆ. ಮೊದಲು 50 ಮಿ.ಲೀ. ನೀರಿಗೆ 10 ಗ್ರಾಂ ಗೋಂದು ಹಾಕುತ್ತಿದ್ದೆ. ಈಗ 15 ಮಿ.ಲೀ. ನೀರಿಗೇ 10 ಗ್ರಾಂ. ಗ್ರಂಥಿಗೆ ಅಂಗಡಿಯ ಗೋಂದಿನಲ್ಲಿ ತೊಗಟೆ ಚೂರು ಇರುತ್ತದೆ, ರಾತ್ರಿ ನೆನೆಸಿ ಹಳೇ ಮಲ್ ಬಟ್ಟೆಯಲ್ಲಿ ಸೋಸಲೇಬೇಕು. ಜೇನಿನಷ್ಟು ಮಂದ ಬರುತ್ತದೆ. ಅದಕ್ಕೆ ಎರಡು ಹನಿ ಜೇನುತುಪ್ಪವನ್ನೂ ಹಾಕಿದೆ, ಒಣಗಿದ ಮೇಲೆ ಬಿರುಕು ಬಿಡದಿರಲಿ ಅಂತ. ಪುಡಿಯನ್ನು ಸಿರಿಂಜಿಗೆ ಹಾಕುವ ಮೊದಲು ಗಾಜಿನ ಹಲಗೆ ಮೇಲೆ ಅರೆದೆ, ಅರ್ಧ ಗಂಟೆ. ಒಣ ಗಂಟು ಒಂದೂ ಉಳಿಯಬಾರದು. ಎರಡು ಸಿರಿಂಜ್ ತಳ್ಳಾಟ ಗಂಟು ಒಡೆಯುತ್ತದೆ ಅಂತ ನಂಬಬೇಡಿ. ಅದು ಸಮ ಮಾಡುತ್ತದೆ, ಅರೆಯೋದಿಲ್ಲ.

ತೂತಿನ ವಿಷಯವನ್ನೂ ಸುಮ್ನೆ ಬಿಡಲಿಲ್ಲ. ಮೂಗಿನ ನಳಿಕೆಯಿಂದ ಆಹಾರ ಕೊಡೋದಕ್ಕೆ ಬಳಸುವ 50 ಮಿ.ಲೀ. ಸಿರಿಂಜ್ ಬರುತ್ತಲ್ಲ, ಉದ್ದ ದಪ್ಪ ಮೂತಿಯದ್ದು, ಅಂಗಡಿಯಲ್ಲಿ ಕ್ಯಾಥೆಟರ್ ಟಿಪ್ ಅಂತ ಕೇಳಿ. ಅಂಥ ಎರಡನ್ನು ತಂದೆ. ಮೀನಿನ ತೊಟ್ಟಿಯ ಅಂಗಡಿಯಿಂದ ಒಂದು ಗೇಣು ಪಿವಿಸಿ ಟ್ಯೂಬ್. ಎರಡು ಇಂಚು ಕತ್ತರಿಸಿ, ತುದಿಗಳನ್ನು ಬಿಸಿನೀರಲ್ಲಿ ಅದ್ದಿ, ಮೂತಿಗಳನ್ನು ಒಳಗೆ ತಳ್ಳಿ, ಮೇಲೆ ಹತ್ತಿ ದಾರ ಬಿಗಿಯಾಗಿ ಸುತ್ತಿದೆ. ದೊಡ್ಡ ಸಿರಿಂಜ್ ಆದ್ದರಿಂದ ಒತ್ತಡ ಕಡಿಮೆ, ದಾರಿ ಅಗಲ ಇರೋದರಿಂದ ಜಾಸ್ತಿ ಬೇಕಾಗಿಯೂ ಇಲ್ಲ. ದಾರ ಜಾರಲಿಲ್ಲ.

ಮೊದಲ ತಳ್ಳು. ಹೋಯಿತು. ವಾಪಸ್. ಬಂತು. ಹತ್ತು, ಇಪ್ಪತ್ತು, ಮೂವತ್ತು. ಪ್ರತಿ ಸಲವೂ ಬೆರಳಿಗೆ ಅದೇ ಭಾರ, ಎಣ್ಣೆ ಹಾಕಿದ ಬಾಗಿಲು ತೆರೆದಂತೆ. ಟ್ಯೂಬಿನೊಳಗೆ ಬಿಳಿ ಎಳೆ ಮಡಚಿಕೊಂಡು ಹೋಗೋದು ಕಾಣುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ. "ಜಿಗಿ ಬಂತು ನೋಡು" ಅಂದರು.

ಸಣ್ಣ ಸಿರಿಂಜಿಗೆ ತುಂಬೋದು ಇನ್ನೊಂದು ಕಗ್ಗಂಟು. ಮೂತಿಯಿಂದ ಎಳೆದುಕೊಳ್ಳಲು ಹೋಗಬೇಡಿ. 3 ಮಿ.ಲೀ.ಯದ್ದರ ಪ್ಲಂಜರ್ ತೆಗೆದಿಟ್ಟು, ದೊಡ್ಡದರ ಮೂತಿಗೆ ಒಂದು ತುಂಡು ಟ್ಯೂಬ್ ಹಾಕಿ, ಅದನ್ನು ಕೊಳವೆಯ ತಳ ಮುಟ್ಟಿಸಿ, ಮೆಲ್ಲಗೆ ಹಿಂದಕ್ಕೆ ತರುತ್ತಾ ತುಂಬಿ. ಆಮೇಲೆ ಪ್ಲಂಜರ್ ಹಾಕುವಾಗ ಅದರ ರಬ್ಬರಿನ ಪಕ್ಕದಲ್ಲಿ ತೆಳು ತಾಮ್ರದ ತಂತಿಯೊಂದನ್ನು ಇಳಿಬಿಡಿ. ತಂತಿಯ ಪಕ್ಕದ ಸಂದಿಯಿಂದ ಗಾಳಿ ಸರ್ ಅಂತ ಹೊರಗೆ ಹೋಗುತ್ತದೆ. ರಬ್ಬರ್ ಗೆಸ್ಸೋವನ್ನು ಮುಟ್ಟಿದ ಕೂಡಲೇ ತಂತಿ ಎಳೆದುಬಿಡಿ. ಹಳೇ ಮೋಟಾರಿನ ವೈಂಡಿಂಗ್ ತಂತಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇನ್ನೂ ಗಾಳಿ ಉಳಿದಿದೆ ಅನಿಸಿದರೆ ಸಿರಿಂಜಿನ ಮೂತಿ ಮುಚ್ಚಿ, ಮೂತಿ ಹೊರಮುಖವಾಗಿ ಇರೋ ಹಾಗೆ ಕಾಲುಚೀಲಕ್ಕೆ ಹಾಕಿ, ಮಹಡಿ ಮೇಲೆ ಕವಣೆಯ ಹಾಗೆ ಬೀಸಿ. ಭಾರದ ಗೆಸ್ಸೋ ಮೂತಿಗೆ ಸೇರುತ್ತದೆ, ಗುಳ್ಳೆ ರಬ್ಬರಿನ ಕಡೆ ಹೋಗುತ್ತದೆ. ಪಕ್ಕದ ಮನೆ ಹುಡುಗ ಅವತ್ತಿನಿಂದ ದಿನಾ ಸಂಜೆ ಬಂದು "ಇವತ್ತು ಬೀಸಲ್ವಾ ಅಂಕಲ್?" ಅಂತ ಕೇಳುತ್ತಿದ್ದಾನೆ.

ಸೂಜಿ ಹಳದಿ ಬುಡದ್ದು, 20 ಗೇಜ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ). ಚೂಪು ತುದಿಯನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆ ಉಜ್ಜಿಕೊಂಡೆ. ಗುಲಾಬಿ ಬುಡದ 18ರಲ್ಲಿ ಚುಕ್ಕಿ ದೊಡ್ಡದಾಯಿತು. ಕಪ್ಪು ಬುಡದ 22ರಲ್ಲಿ ನಾಲ್ಕು ಚುಕ್ಕಿಗೇ ಕಟ್ಟಿಕೊಂಡಿತು.

ಇದರ ನಡುವೆ ಇನ್ನೊಂದು ಆಸೆ ತಲೆಗೆ ಹೊಕ್ಕಿದೆ, ಹೇಳದೆ ಇರಲಾರೆ. ತಾತನ ಬೀಟೆ ಮರದ ಟೀಪಾಯಿ ಅಟ್ಟದಲ್ಲಿದೆ. ಅದರ ಮೇಲೆ ಆನೆಯ ಇನ್ಲೇ ಕೆಲಸ (ಮರ ಕೊರೆದು ಬೇರೆ ಚೂರು ಕೂರಿಸಿದ್ದು), ಸೊಂಡಿಲಿನ ಒಂದು ಚೂರು ಹೋಗಿದೆ. ಆ ಗುಂಡಿಗೆ ಬಣ್ಣ ಸೇರಿಸಿದ ಎಪಾಕ್ಸಿ ತುಂಬಿದರೆ ಹೇಗೆ? ಒಂದು ಸಿರಿಂಜಿನಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್, ನಡುವೆ ಟ್ಯೂಬ್. ಅಳತೆ ಸಿರಿಂಜಿನ ಗೆರೆಯಲ್ಲೇ ಸಿಗುತ್ತದೆ, ಗಾಳಿಯೂ ಇಲ್ಲ. ಆದರೆ ಎಪಾಕ್ಸಿ ಗೆಸ್ಸೋ ಹಾಗೆ ಕಾಯೋದಿಲ್ಲ. ಸೇರಿದ ಕ್ಷಣದಿಂದ ಗಡಿಯಾರ ಓಡುತ್ತದೆ, ದೊಡ್ಡ ರಾಶಿಯಾದರೆ ತಾನೇ ಬಿಸಿಯಾಗಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ 3 ಮಿ.ಲೀ. ಸಿರಿಂಜ್ ಸಾಕು, ಹದಿನೈದು ತಳ್ಳು, ತಕ್ಷಣ ಬಳಕೆ. ಸಿರಿಂಜ್ ಎರಡೂ ಕಸಕ್ಕೆ. ಮೊದಲು ಯಾವುದಾದರೂ ಬೀಟೆ ಚೂರಿನ ಮೇಲೆ ನೋಡಬೇಕು, ತಾತನ ಆನೆಯ ಮೇಲೆ ಪ್ರಯೋಗ ಮಾಡೋದಕ್ಕೆ ಮನಸ್ಸು ಬರೋದಿಲ್ಲ.

ಮತ್ತೆ ಲಕ್ಷ್ಮಿಗೆ. ಹತ್ತು ದಿನದ ಹಿಂದೆ ಹೊಸ ಪಾಕದಿಂದ ಒಂದು ತುಂಡು ಹಲಗೆಯ ಮೇಲೆ ಗೆರೆ ಎಳೆದಿಟ್ಟಿದ್ದೆ. ಬಿರುಕಿಲ್ಲ. ಉಗುರಿಗೆ ಏಳೋದಿಲ್ಲ. ಬಿಸಿ ಉಸಿರು ಬಿಟ್ಟು ರೇಕು ಇಟ್ಟೆ, ಹಿಡಿದುಕೊಂಡಿತು. ಗೋಂದು ಜಾಸ್ತಿ ಇರೋದರಿಂದ ಹೊಳಪೂ ಮೊದಲಿಗಿಂತ ಚೆನ್ನಾಗಿದೆ ಅಂತ ನನಗನ್ನಿಸುತ್ತದೆ. ಒಂದೇ ತೊಂದರೆ, ಕೈ ನಿಲ್ಲಿಸಿದ ಎರಡು ನಿಮಿಷಕ್ಕೆ ಸೂಜಿ ತುದಿ ಒಣಗುತ್ತದೆ. ಒದ್ದೆ ಸ್ಪಂಜನ್ನು ಬಟ್ಟಲಲ್ಲಿಟ್ಟು ಅದರಲ್ಲಿ ಚುಚ್ಚಿಡುತ್ತಿದ್ದೇನೆ.

ಸರಕ್ಕೆ ಇನ್ನು ಮೂರು ಸಾಲು ಬಾಕಿ ಇದೆ. ಡಾಬಿನ ಚುಕ್ಕಿಗಳನ್ನು ಎಣಿಸಿದೆ, ನೂರಾ ಹದಿನಾರು. ದೊಡ್ಡ ಸಿರಿಂಜಿನಲ್ಲಿ ಒಂಬತ್ತು ಮಿ.ಲೀ. ಉಳಿದಿದೆ. ಮೂತಿಗೆ ಪ್ಲಾಸ್ಟಿಕ್ ಸುತ್ತಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲಿ ಮೊಸರಿನ ಪಾತ್ರೆಯ ಪಕ್ಕ ಮಲಗಿಸಿದ್ದೇನೆ. ಮೇಲೆ "ತಿನ್ನೋದಲ್ಲ" ಅಂತ ಅಮ್ಮ ಚೀಟಿ ಅಂಟಿಸಿದ್ದಾರೆ.