ತಿಂಗಳ ಬಫರು, ಸತ್ತ ಎನ್‌ಜೈಮು

ನಮ್ಮ ಸಸ್ಯಶರೀರಕ್ರಿಯಾ ವಿಭಾಗದಲ್ಲಿ ಇನ್ನು ಮುಂದೆ ಎಲ್ಲ ಬಫರುಗಳನ್ನೂ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣಗಳನ್ನು) ತಿಂಗಳಿಗೊಮ್ಮೆ ಒಟ್ಟಿಗೆ ಮಾಡಿ ಕೋಲ್ಡ್ ರೂಮಿನಲ್ಲಿಡಬೇಕೆಂಬ ಸುತ್ತೋಲೆ ಬಂದಾಗ, ಪ್ರತಿ ಸಲ ಬಫರು ಮಾಡಿ ರಿಜಿಸ್ಟರ್ ಬರೆಯುವ ಕಾಟ ತಪ್ಪಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆ ಸಂತೋಷ ಜಿಪಿಯು-28 ತಳಿಯ ರಾಗಿಯ ಬರ ಪ್ರಯೋಗದವರೆಗೆ ಮಾತ್ರ ಉಳಿಯಿತು.

ಎಲೆಗಳನ್ನೆಲ್ಲ ಒಂದೇ ದಿನ ದ್ರವ ಸಾರಜನಕದಲ್ಲಿ ಅದ್ದಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದೆವು. ಕಂಟ್ರೋಲ್ (ಎಂದಿನಂತೆ ನೀರುಂಡ) ಗಿಡಗಳ ಎಲೆಗಳನ್ನು ಹೊಸ ಬಫರಿನಲ್ಲಿ ಅರೆದು ಎಪಿಎಕ್ಸ್ (ಆಸ್ಕಾರ್ಬೇಟ್ ಪೆರಾಕ್ಸಿಡೇಸ್) ಎಂಬ ಎನ್‌ಜೈಮಿನ ಚಟುವಟಿಕೆ ನೋಡಿ ಮುಗಿಸಿದ್ದೆವು. ನೀರು ಹಾಕದೆ ಬಿಟ್ಟ ಕುಂಡಗಳ ಎಲೆಗಳ ಸರದಿ ಬರುವಷ್ಟರಲ್ಲಿ ತಿಂಗಳು ಮುಗಿಯುತ್ತ ಬಂದಿತ್ತು; ಅವನ್ನೂ ಅದೇ ಬಾಟಲಿಯ ಬಫರಿನಲ್ಲೇ ಅರೆದೆವು. ಬೆಳಕಿನ ಅಳತೆಗೆ ಬಳಸುವ ಪುಟ್ಟ ಪಾತ್ರೆಯಾದ ಕ್ವಾರ್ಟ್ಸ್ ಕುವೆಟ್ಟಿಗೆ ಪೆರಾಕ್ಸೈಡ್ ಹಾಕಿ ಮಗುಚಿದೆ. ಆಸ್ಕಾರ್ಬೇಟ್ (ವಿಟಮಿನ್ ಸಿ) ಖರ್ಚಾದಂತೆ 290 ನ್ಯಾನೋಮೀಟರಿನಲ್ಲಿ ಬೆಳಕು ಹೀರುವಿಕೆಯ ಗೆರೆ ಇಳಿಯಬೇಕು, ಅದು ಅಲುಗಾಡಲಿಲ್ಲ. ಮತ್ತೊಂದು ಸ್ಯಾಂಪಲ್ ಇಟ್ಟೆ, ಅದೂ ಹಾಗೆಯೇ. ಹಿಂದೆ ನಿಂತಿದ್ದ ಸರ್, "ಬರಕ್ಕೆ ಎನ್‌ಜೈಮೇ ಕುಸಿದಿದೆ ನೋಡಿ" ಎಂದು ಆಗಲೇ ಪೇಪರಿನ ಶೀರ್ಷಿಕೆ ಯೋಚಿಸತೊಡಗಿದ್ದರು. ನಾನೂ ಹೌದೆಂದು ತಲೆಯಾಡಿಸಿದೆ. ಅದೇ ಕುಂಡಗಳ ಎಲೆಗಳು ಮಧ್ಯಾಹ್ನ ಸುರುಳಿ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೆ. ಪೆರಾಕ್ಸೈಡನ್ನು ನೀರಾಗಿಸುವ ಈ ಎನ್‌ಜೈಮ್ ನಿಜವಾಗಿ ಇಲ್ಲವಾಗಿದ್ದರೆ ಆ ಬಿಸಿಲಿಗೆ ಎಲೆ ಬಿಳಿಚಿ ಸುಡಬೇಕಿತ್ತು ಎಂಬ ಯೋಚನೆ ಮಾತ್ರ ಆಗ ಹತ್ತಿರ ಸುಳಿಯಲಿಲ್ಲ.

ಗಂಟು ಬಿಡಿಸಿದವರು ನಮ್ಮ ಹಿರಿಯ ಟೆಕ್ನಿಷಿಯನ್. ಅದೇ ಎಕ್ಸ್‌ಟ್ರಾಕ್ಟಿಗೆ ಅವರು ಪಿಒಡಿ ಎಂಬ ಇನ್ನೊಂದು ಪೆರಾಕ್ಸಿಡೇಸನ್ನು ತೋರಿಸುವ ಗ್ವಾಯಕಾಲ್ ಹಾಕಿದಾಗ 470 ನ್ಯಾನೋಮೀಟರಿನಲ್ಲಿ ಕಂದುಗೆಂಪು ಬಣ್ಣ ಸರಸರನೆ ಏರಿತು. "ಮೇಡಂ, ಪಿಒಡಿ ಬದುಕಿದೆ, ಎಪಿಎಕ್ಸ್ ಒಂದೇ ಸತ್ತಿದೆ ಅಂದರೆ ಬಫರ್ ನೋಡಬೇಕಲ್ವಾ?" ಎಂದರು. ಬಫರನ್ನೇ ಕುವೆಟ್ಟಿಗೆ ಹಾಕಿ ಓದಿಸಿದೆವು. ಲೇಬಲ್ಲಿನ ಮೇಲೆ ಒಂದು ಮಿಲಿಮೋಲಾರ್ ಆಸ್ಕಾರ್ಬೇಟ್ ಎಂದು ಬರೆದಿತ್ತು, ಬಾಟಲಿಯಲ್ಲಿ ಅದರ ಸುಳಿವೂ ಇರಲಿಲ್ಲ. ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಇದ್ದರೂ ಪಿಎಚ್ 7ರಲ್ಲಿ, ಗಾಳಿಯಾಡುವ ಬಾಟಲಿಯಲ್ಲಿ, ವಿಟಮಿನ್ ಸಿ ವಾರಗಟ್ಟಲೆ ಉಳಿಯುವ ವಸ್ತುವಲ್ಲ.

ಈ ಎನ್‌ಜೈಮಿಗೆ ವಿಟಮಿನ್ ಸಿ ಊಟವೂ ಹೌದು, ಕಾವಲೂ ಹೌದು. ಅದು ಸಿಗದಿದ್ದರೆ ಯಾವ ಪೆರಾಕ್ಸೈಡನ್ನು ಅಳಿಸಬೇಕೋ ಅದೇ ಪೆರಾಕ್ಸೈಡ್ ಎನ್‌ಜೈಮಿನ ಹೀಮ್ ಭಾಗವನ್ನು ಹಾಳುಮಾಡುತ್ತದೆ. ಕ್ಲೋರೋಪ್ಲಾಸ್ಟಿನ ಎಪಿಎಕ್ಸ್ ಹಾಗೆ ಒಂದು ನಿಮಿಷವೂ ತಾಳುವುದಿಲ್ಲ, ಜೀವಕೋಶದ ದ್ರವಭಾಗವಾದ ಸೈಟೋಸಾಲಿನದು ಇನ್ನಷ್ಟು ಹೊತ್ತು ಹೆಣಗುತ್ತದೆ. ಜೀವಂತ ಗಿಡ ಬರದಲ್ಲಿಯೂ ಈ ಸ್ಥಿತಿಗೆ ಸುಲಭವಾಗಿ ಇಳಿಯುವುದಿಲ್ಲ, ಏಕೆಂದರೆ ಗ್ಲುಟಾಥಯೋನ್ ಎಂಬ ಇನ್ನೊಂದು ಅಣುವಿನ ನೆರವಿನಿಂದ ಖರ್ಚಾದ ಆಸ್ಕಾರ್ಬೇಟನ್ನು ಮತ್ತೆ ಮತ್ತೆ ಹಿಂದಕ್ಕೆ ತಂದುಕೊಳ್ಳುತ್ತಿರುತ್ತದೆ. ನಮ್ಮ ಬಾಟಲಿಗೆ ಆ ವ್ಯವಸ್ಥೆ ಇರಲಿಲ್ಲ.

ಉಳಿದಿದ್ದ ಎಲೆಗಳನ್ನು ಆಗಷ್ಟೇ ಆಸ್ಕಾರ್ಬೇಟ್ ತೂಗಿ ಹಾಕಿದ ಬಫರಿನಲ್ಲಿ ಅರೆದಾಗ ಬರದ ಗಿಡಗಳ ಎಪಿಎಕ್ಸ್ ಕಂಟ್ರೋಲಿಗಿಂತ ಹೆಚ್ಚೇ ಬಂದಿತು; ಸರ್ ಶೀರ್ಷಿಕೆಯ ಮಾತು ಬಿಟ್ಟರು. ಆಸ್ಕಾರ್ಬೇಟನ್ನು ಅರೆಯುವ ದಿನವೇ ಸೇರಿಸಬೇಕೆಂದು ಲ್ಯಾಬಿನ ಲಿಖಿತ ಕಾರ್ಯವಿಧಾನವಾದ ಎಸ್‌ಒಪಿ ತಿದ್ದಲು ಕೊಟ್ಟ ಅರ್ಜಿ ಸಮಿತಿಯ ಮುಂದಿದೆಯಂತೆ. ಅಲ್ಲಿಯವರೆಗೆ ನಾನು ರಿಜಿಸ್ಟರಿನಲ್ಲಿ ತಿಂಗಳ ಬಫರಿನ ನಂಬರನ್ನೇ ಬರೆದು, ಆಸ್ಕಾರ್ಬೇಟನ್ನು ಬೆಳಿಗ್ಗೆ ಬಂದು ತೂಗಿಕೊಳ್ಳುತ್ತಿದ್ದೇನೆ.