ಹಾರೆ ಹಿಡಿದು ಕೆರೆ ಮೇಲೆ ನಡೆದದ್ದು

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಐಸ್ ಅಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲ ಸುತ್ತಿಟ್ಟ ಗಡ್ಡೆ, ಅಷ್ಟೇ. ಅದರ ಮೇಲೆ ನಡೆದುಕೊಂಡು ಹೋಗಿ ಟ್ರೌಟ್ ಮೀನು ಹಿಡಿಯೋಣ ಅಂತ ಭಾವ ಹೇಳಿದಾಗ ಸುಮ್ನೆ ರೇಗಿಸುತ್ತಿದ್ದಾರೆ ಅಂದುಕೊಂಡೆ. ಟ್ರೌಟ್ ಹೆಸರು ಊಟಿ ಕಡೆ ಹೋದಾಗ ಕೇಳಿದ್ದೆ. ಅಲ್ಲಿ ಅವಲಾಂಚ್‌ನಲ್ಲಿ ಅದರ ಮರಿ ಬೆಳೆಸುತ್ತಾರೆ.

ಭಾವ ಶ್ರೀರಾಮಪುರದವರು, ಈಗ ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ಮಾರ್ಚ್ ಕೊನೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ನನ್ನನ್ನು ಎಲೆವೆನ್ ಮೈಲ್ ಜಲಾಶಯಕ್ಕೆ ಕರೆದುಕೊಂಡು ಹೋದರು. ನಮ್ಮ ಬೆಂಗಳೂರು ಸುಮಾರು 3,000 ಅಡಿ ಎತ್ತರ, ಅದು 8,600 ಅಡಿ. ಹಾಗಾಗಿ ಕೆಳಗೆ ಗಿಡ ಚಿಗುರಿದ್ದರೂ ಅಲ್ಲಿ ಐಸ್ ಇನ್ನೂ ಉಳಿದಿತ್ತು. ನನಗೆ ಒಂದು ದಿನದ ಲೈಸೆನ್ಸ್ ಮಾಡಿಸಿದರು.

ಭಾವ ಮುಂದೆ, ನಾನು ಹಿಂದೆ. ಅವರ ಕೈಯಲ್ಲಿ ಉದ್ದನೆಯ ಕಬ್ಬಿಣದ ಹಾರೆ. ಕುಟ್ಟುವುದು, ಕೇಳುವುದು, ಆಮೇಲೆ ಹೆಜ್ಜೆ. "ಟಣ್ ಅಂದ್ರೆ ಬಾ. ದೊಬ್ ಅಂದ್ರೆ ಅಲ್ಲೇ ನಿಂತ್ಕೋ ಕಣೋ." ಚಳಿಗಾಲದ ತಿಳಿ ಐಸ್ ಆದರೆ 4 ಇಂಚು ದಪ್ಪ ಇದ್ದರೂ ಮನುಷ್ಯ ನಡೆಯಬಹುದಂತೆ. ಈ ಕಾಲದ ಐಸ್ ಒಂದೂವರೆ ಅಡಿ ಇದ್ದರೂ ನಂಬುವಂತಿಲ್ಲ. ಬಿಸಿಲಿಗೆ ಒಳಗೊಳಗೇ ಕರಗಿ, ಮೇಲಿಂದ ಕೆಳಗೆ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಗಟ್ಟಿ, ಮಧ್ಯಾಹ್ನಕ್ಕೆ ಮೆತ್ತಗೆ. ಬಿದ್ದರೆ ಐಸಿಗೆ ಚುಚ್ಚಿಕೊಂಡು ಮೇಲೆ ಬರಲಿ ಅಂತ, ಮೊಳೆ ಇರುವ ಎರಡು ಹಿಡಿಕೆಗಳನ್ನು ನನ್ನ ಕತ್ತಿಗೂ ನೇತುಹಾಕಿದರು. ಅದನ್ನು ನೋಡಿಯೇ ನನ್ನ ಅರ್ಧ ಜೀವ ಹೋಯಿತು.

ಮೀನಿಗೂ ಬೇಕಾದ ಜಾಗ ಆ ಅಪಾಯದ ಅಂಚೇ. ಚಳಿಗಾಲವೆಲ್ಲ ಐಸು, ಅದರ ಮೇಲೆ ಹಿಮ. ಕೆಳಗೆ ಬೆಳಕಿಲ್ಲ, ಗಾಳಿ ಸೋಕುವುದಿಲ್ಲ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಬರುತ್ತದೆ. ಹಿಮ ಕರಗಿ ತೊರೆಗಳು ಹೊಸ ನೀರು ತಂದರೆ, ಜೊತೆಗೆ ಆಮ್ಲಜನಕವೂ ತಿಂಡಿಯೂ ಬರುತ್ತವೆ. ಟ್ರೌಟ್ ಆಳ ಬಿಟ್ಟು ದಡದ ಕಡೆ ತಿರುಗುತ್ತವೆ. ಆದರೆ ತೊರೆ ಸೇರುವ ಕಡೆಯೇ ಐಸ್ ತೀರಾ ತೆಳು. ಎಷ್ಟು ಹತ್ತಿರ ಹೋಗಬೇಕು ಅನ್ನುವುದೇ ಲೆಕ್ಕ. ಭಾವ ಸಾಕಷ್ಟು ದೂರದಲ್ಲೇ ನಿಂತರು. ನನಗೂ ಅದೇ ಬೇಕಿತ್ತು.

ದೊಡ್ಡ ಬೈರಿಗೆಯಿಂದ ತೂತು ಕೊರೆದರು. ಚಾಪೆ ಹಾಸಿ ಬೋರಲು ಮಲಗಿ, ತಲೆ ಮೇಲೆ ಜಾಕೆಟ್ ಎಳೆದುಕೊಂಡು ಇಣುಕಿದೆ. ಮೇಲಿನ ಬೆಳಕು ಮರೆಯಾದರೆ ತಳದ ಕಲ್ಲೂ ಕಾಣುತ್ತದೆ! ಪಕ್ಕೆಯಲ್ಲಿ ಗುಲಾಬಿ ಪಟ್ಟಿ ಇರುವ ರೇನ್‌ಬೋ ಟ್ರೌಟ್ ಬಂತು. ಎರೆಹುಳು ನೋಡಿತು. ಹೋಯಿತು. ಮತ್ತೆ ಬಂತು. ಏರಿ ಮೇಲೆ ಕೂತು ಗಾಳ ಹಾಕುವ ನಾವು ಬೆಂಡು ಅಲ್ಲಾಡುವುದನ್ನು ಮಾತ್ರ ನೋಡುತ್ತೇವೆ. ಇಲ್ಲಿ ಮೀನಿನ ಅನುಮಾನವೇ ಕಾಣುತ್ತಿತ್ತು. "ಕಾವೇರಿ ಮಹಸೀರ್‌ಗೆ ಹಾಕೋ ಹಾಗೆ ಇದಕ್ಕೂ ರಾಗಿ ಮುದ್ದೆ ಹಾಕಿ ನೋಡೋಣ್ವಾ ಭಾವ?" ಅಂದೆ. ಅವರು ನಗುತ್ತಿರುವಾಗಲೇ ಮೀನು ಕಚ್ಚಿತು. ಸಂಜೆ ಅಕ್ಕ ಅದನ್ನು ರವೆ ಹಚ್ಚಿ ಹುರಿದಳು. ಮುಳ್ಳು ಕಡಿಮೆ, ರುಚಿಯೂ ಸ್ವಲ್ಪ ಸಪ್ಪೆ. ಜಿಲೇಬಿ ಮೀನು ತಿಂದು ಬೆಳೆದ ನಾಲಿಗೆ, ಏನು ಮಾಡೋದು?

ಊರಿಗೆ ಬಂದು ಹೊಸಕೋಟೆ ಕಡೆಯ ಕೆರೆಯಲ್ಲಿ ನಮ್ಮ ಗಾಳದ ಗುಂಪಿಗೆ ಇದನ್ನೆಲ್ಲ ಹೇಳಿದೆ. ಐಸಿನ ಕಥೆಗೆ ಎಲ್ಲರೂ ನಕ್ಕರು. ಒಬ್ಬ ಹಿರಿಯರು ಮಾತ್ರ, "ಹೊಸ ನೀರು ಬಂದ್ರೆ ಮೀನು ಅಲ್ಲಿಗೇ ಬರ್ತಾವಾ?" ಅಂತ ಕೇಳಿದರು. ಹೌದು ಅಂದೆ. "ಇಲ್ಲೂ ಹಂಗೇ ಇತ್ತು. ಮಳೆ ನೀರಿಗೆ ಎದುರು ಹತ್ತೋವು."

ಈಗ ನಗರದ ಎಷ್ಟೋ ಕೆರೆಗಳಲ್ಲಿ ಉಲ್ಟಾ. ಬೇಸಿಗೆಯ ಮೊದಲ ಮಳೆ ರಾಜಕಾಲುವೆಯ ಕೊಳಚೆಯನ್ನೆಲ್ಲ ಕೊಚ್ಚಿ ತರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ತಿಂದುಬಿಡುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಗುಂಪಿನ ಎಲ್ಲರಿಗೂ ನೆನಪಿತ್ತು.

ಅವತ್ತೂ ಮೋಡ ಕಟ್ಟಿತ್ತು. "ಈ ವಾರ ಮಳೆ ಬಂದ್ರೆ ಮುಂದಿನ ಭಾನುವಾರ ಹಲಸೂರು ಕಡೆ ಹೋಗ್ಬೇಡ್ರಪ್ಪ, ವಾಸನೆ ತಡ್ಯಕ್ಕಾಗಲ್ಲ," ಅಂದು ಹಿರಿಯರು ಗಾಳಕ್ಕೆ ಇನ್ನೊಂದು ಹುಳ ಸಿಕ್ಕಿಸಿದರು.